ಆ ರನ್ ಆರಿಸಿದ್ದು ಕೋಚ್ ಅಲ್ಲ, ಎದುರಾಳಿಯ ಲೈನ್‌ಬ್ಯಾಕರ್

ಸೆಪ್ಟೆಂಬರ್ ಬಂತು ಅಂದರೆ ಅಮೆರಿಕದ ಕನ್ನಡಿಗರ ಪತ್ರಗಳು ಶುರು. ಮಗನೋ ಮಗಳೋ ಯೂನಿವರ್ಸಿಟಿಗೆ ಸೇರಿರುತ್ತಾರೆ, ಶನಿವಾರ ಕಾಲೇಜ್ ಫುಟ್‌ಬಾಲ್ (ಅಮೆರಿಕನ್ ಫುಟ್‌ಬಾಲ್) ನೋಡಲು ಇಡೀ ಮನೆ ಟೀವಿ ಮುಂದೆ. ಪ್ರತಿ ವರ್ಷವೂ ಅವೇ ಪ್ರಶ್ನೆಗಳು. ಈ ಸಲ ಒಟ್ಟಿಗೆ ಉತ್ತರಿಸುತ್ತಿದ್ದೇನೆ. ನಾಲ್ಕು ಡೌನ್, ಅಂದರೆ ನಾಲ್ಕು ಪ್ರಯತ್ನದಲ್ಲಿ ಹತ್ತು ಗಜ ಮುಂದೆ ಹೋಗಬೇಕು; ಅದಕ್ಕಿಂತ ಹೆಚ್ಚು ವಿವರಿಸುವುದಿಲ್ಲ.

ಮೊದಲ ಪ್ರಶ್ನೆ: ಫಸ್ಟ್ ಡೌನ್ ಬಂದ ಕೂಡಲೇ ನಮ್ಮ ಟೀಮ್ ಬಾಲ್ ಕೊಟ್ಟು ಒಬ್ಬನನ್ನು ನಡುವೆ ನುಗ್ಗಿಸುತ್ತೆ. ಎರಡು ಗಜ. ಮತ್ತೆ ಅದೇ. ಸೋಫಾ ಮೇಲೆ ಕೂತ ನನಗೇ ಗೊತ್ತಾಗುತ್ತೆ, ಎದುರಾಳಿಗೆ ಗೊತ್ತಾಗಲ್ವಾ? ಪ್ಲೇ ಆರಿಸೋಕೆ ಅಷ್ಟು ಸಂಬಳ ತಗೊಳ್ಳೋ ಕೋಆರ್ಡಿನೇಟರ್‌ಗೆ ಬೇರೆ ಪ್ಲೇ ಬರಲ್ವಾ?

ನೀವು ನೋಡಿದ್ದು ರನ್, ಅಂದರೆ ಬಾಲ್ ಹಿಡಿದು ಓಡುವುದು. ಕೋಚ್ ಕರೆದದ್ದೂ ರನ್ನೇ ಅಂತ ಹೇಗೆ ಹೇಳುತ್ತೀರಿ? ಇವತ್ತಿನ ಕಾಲೇಜ್ ಫುಟ್‌ಬಾಲ್‌ನಲ್ಲಿ ಒಂದು ಕಾಲ್ ಅಂದರೆ ಬಹಳ ಸಲ ಎರಡು ಪ್ಲೇ: ಒಂದು ರನ್, ಒಂದು ಪಾಸ್ (ಮುಂದಕ್ಕೆ ಎಸೆತ). ಯಾವುದು ಅನ್ನೋದು ತೀರ್ಮಾನ ಆಗುವುದು ಸ್ನ್ಯಾಪ್ ಆದ ಮೇಲೆ, ಅಂದರೆ ಸೆಂಟರ್ ಬಾಲನ್ನು ಹಿಂದಕ್ಕೆ ಕೊಟ್ಟು ಪ್ಲೇ ಶುರುವಾದ ಮೇಲೆ. ಇದೇ ಆರ್‌ಪಿಒ, ಅಂದರೆ ರನ್-ಪಾಸ್ ಆಪ್ಷನ್.

ಒಂದು ಸ್ನ್ಯಾಪ್ ತಗೊಳ್ಳಿ. ಬಾಲ್ ಎಡ ಹ್ಯಾಶ್ ಮಾರ್ಕ್ ಮೇಲಿದೆ. ಹ್ಯಾಶ್ ಅಂದರೆ ಮೈದಾನದ ಉದ್ದಕ್ಕೂ ಇರುವ ಎರಡು ಸಾಲು ಗೀಟುಗಳು; ಪ್ಲೇ ಶುರುವಾಗುವುದು ಅವುಗಳ ಮೇಲೆ ಅಥವಾ ನಡುವೆ. ಮೈದಾನದ ಅಗಲ 160 ಅಡಿ. ಕಾಲೇಜಿನಲ್ಲಿ ಎರಡು ಹ್ಯಾಶ್‌ಗಳ ನಡುವೆ 40 ಅಡಿ. ಅಂದರೆ ಬಾಲ್‌ನ ಎಡಕ್ಕೆ 60 ಅಡಿ ಜಾಗ, ಬಲಕ್ಕೆ 100 ಅಡಿ. ವೃತ್ತಿಪರರ ಲೀಗ್ ಎನ್‌ಎಫ್‌ಎಲ್‌ನಲ್ಲಿ ಹ್ಯಾಶ್‌ಗಳ ನಡುವೆ ಇರುವುದು ಹದಿನೆಂಟೂವರೆ ಅಡಿ ಮಾತ್ರ. ಅಲ್ಲಿ ಬಾಲ್ ಹೆಚ್ಚುಕಮ್ಮಿ ನಡುವೆಯೇ ಇರುತ್ತದೆ, ಹಾಗಾಗಿ ಈ ಲೆಕ್ಕ ಅಲ್ಲಿ ಇಷ್ಟು ಜೋರಾಗಿ ನಡೆಯುವುದಿಲ್ಲ.

ಆ 100 ಅಡಿ ಕಡೆ ಪಾಸ್ ಹಿಡಿಯುವ ಇಬ್ಬರೋ ಮೂವರೋ ರಿಸೀವರ್‌ಗಳು ನಿಲ್ಲುತ್ತಾರೆ. ಎದುರಾಳಿಯ ಮುಂದಿನ ಸಾಲಿನ ಹಿಂದೆ ನಿಲ್ಲುವ ಆ ಕಡೆಯ ಲೈನ್‌ಬ್ಯಾಕರ್‌ಗೆ ಈಗ ಎರಡೆರಡು ಕೆಲಸ. ನಡುವೆ ರನ್ ಬಂದರೆ ಒಳಗೆ ನುಗ್ಗಬೇಕು, ಓರೆಯಾಗಿ ಒಳಗೆ ಓಡಿಬರುವ ರಿಸೀವರ್‌ಗೆ ಸ್ಲ್ಯಾಂಟ್ ಪಾಸ್ ಬಂದರೆ ಹೊರಗೇ ಇರಬೇಕು. ಅವನನ್ನು ಬೇಕಂತಲೇ ಯಾರೂ ಬ್ಲಾಕ್ ಮಾಡುವುದಿಲ್ಲ. ಸ್ನ್ಯಾಪ್ ತಗೊಂಡು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಬಾಲನ್ನು ಓಡುವವನ, ಅಂದರೆ ರನ್ನಿಂಗ್ ಬ್ಯಾಕ್‌ನ ಹೊಟ್ಟೆಗೆ ಒತ್ತಿ ಹಿಡಿದು, ಕಣ್ಣನ್ನು ಆ ಲೈನ್‌ಬ್ಯಾಕರ್ ಮೇಲೆ ನೆಟ್ಟಿರುತ್ತಾನೆ. ಲೈನ್‌ಬ್ಯಾಕರ್ ಒಳಗೆ ಎರಡು ಹೆಜ್ಜೆ ಹಾಕಿದನೋ, ಬಾಲ್ ಹಿಂದಕ್ಕೆಳೆದು ಅವನು ಬಿಟ್ಟುಬಂದ ಜಾಗಕ್ಕೇ ಎಸೆತ. ಅವನು ಅಲ್ಲೇ ನಿಂತನೋ, ಬಾಲ್ ಬ್ಯಾಕ್ ಕೈಗೆ. ಇಷ್ಟೂ ಆಗುವುದು ಕಣ್ಣು ಮಿಟುಕಿಸುವಷ್ಟರಲ್ಲಿ.

ಇದಕ್ಕೆ ಕಾಲೇಜ್ ನಿಯಮವೂ ಕೈ ಜೋಡಿಸುತ್ತದೆ. ಪಾಸ್ ಹೋಗುವ ಹೊತ್ತಿಗೆ ಆಫೆನ್ಸಿವ್ ಲೈನ್‌ನವರು, ಅಂದರೆ ಮುಂದೆ ನಿಂತು ಬ್ಲಾಕ್ ಮಾಡುವವರು, 3 ಗಜದವರೆಗೆ ಮುಂದೆ ಹೋಗಿರಬಹುದು. ಎನ್‌ಎಫ್‌ಎಲ್‌ನಲ್ಲಿ 1 ಗಜ. ಆ ಎರಡು ಗಜದ ಸಡಿಲಿಕೆ ಇರುವುದರಿಂದಲೇ ಲೈನ್‌ನವರು ಪಾಸ್ ಯೋಚನೆ ಬಿಟ್ಟು ಪೂರ್ತಿ ರನ್‌ಗೆ ಬ್ಲಾಕ್ ಮಾಡಬಹುದು, ಆದರೂ ಕ್ವಾರ್ಟರ್‌ಬ್ಯಾಕ್ ಎಸೆಯಬಹುದು.

ಹಾಗಾದರೆ ಎರಡೇ ಗಜದ ಆ ರನ್? ಲೈನ್‌ಬ್ಯಾಕರ್ ಹೊರಗೇ ನಿಂತ, ಕ್ವಾರ್ಟರ್‌ಬ್ಯಾಕ್ ಸರಿಯಾಗಿಯೇ ಓದಿ ಬಾಲ್ ಕೊಟ್ಟ, ಲೈನ್‌ನಲ್ಲಿರುವ ಗಾರ್ಡ್ ತನ್ನ ಬ್ಲಾಕ್ ಕಳೆದುಕೊಂಡ. ಇಂಥದ್ದು ಎಷ್ಟೋ ಸಲ ಆಗುತ್ತದೆ. ಬ್ಲಾಕ್ ಕೆಟ್ಟಿದ್ದಕ್ಕೆ ಕಾಲ್ ಅನ್ನು ಬೈಯಬೇಡಿ. ಮುಂದಿನ ಶನಿವಾರ ಬಾಲ್ ಹಿಂದೆ ಕಣ್ಣು ಓಡಿಸುವ ಬದಲು ಸ್ನ್ಯಾಪ್‌ಗೆ ಮುಂಚೆ ಲೈನ್ ಹತ್ತಿರ ಎದುರಾಳಿಯ ಎಷ್ಟು ಜನ ಇದ್ದಾರೆ ಅಂತ ಎಣಿಸಿ. ಬ್ಲಾಕ್ ಮಾಡುವವರು ಆರು, ಎದುರಿಗೂ ಆರೇ ಜನ ಇದ್ದರೆ ರನ್ ಸರಿ. ಎಂಟು ಜನ ಇದ್ದೂ ನುಗ್ಗಿಸಿದರೆ ಆಗ ಬರೆಯಿರಿ, ನಾನೂ ಸೇರಿಕೊಳ್ಳುತ್ತೇನೆ.

ಇನ್ನು "ಬೇರೆ ಪ್ಲೇ ಬರಲ್ವಾ" ಅನ್ನೋ ಮಾತು. ಕಾಲೇಜ್ ಕ್ರೀಡೆಯ ಸಂಸ್ಥೆ ಎನ್‌ಸಿಎಎ ನಿಯಮದ ಪ್ರಕಾರ ಸೀಸನ್‌ನಲ್ಲಿ ಅಭ್ಯಾಸ, ಮೀಟಿಂಗ್ ಎಲ್ಲ ಸೇರಿ ವಾರಕ್ಕೆ 20 ಗಂಟೆ. ಆಡುವವರು ಹತ್ತೊಂಬತ್ತು, ಇಪ್ಪತ್ತರ ಹುಡುಗರು. ಮಧ್ಯಾಹ್ನ ಕೆಮಿಸ್ಟ್ರಿ ಪರೀಕ್ಷೆ ಬರೆದು ಬಂದಿರುತ್ತಾರೆ. ನೂರು ಪ್ಲೇ ಅರೆಬರೆ ಕಲಿಸುವುದಕ್ಕಿಂತ ಹತ್ತನ್ನು ಕಣ್ಣುಮುಚ್ಚಿ ಆಡುವಷ್ಟು ಕಲಿಸಬೇಕು. ಟೆಕ್ಸಸ್ ಟೆಕ್‌ನಲ್ಲಿ ಕೋಚ್ ಮೈಕ್ ಲೀಚ್ ಪಾಸ್‌ಗಳದೇ ಶೈಲಿಯಾದ ಏರ್ ರೇಡ್ ಆಡಿಸಿದ್ದು ಹಾಗೇ. ಕೆಲವೇ ಪ್ಲೇಗಳು, ಬೇರೆ ಬೇರೆ ಫಾರ್ಮೇಶನ್‌ನಿಂದ ಮತ್ತೆ ಮತ್ತೆ. ಎದುರಾಳಿಗೆ ಗೊತ್ತಿದ್ದೂ ತಡೆಯಲು ಕಷ್ಟವಾಗುತ್ತಿತ್ತು.

ನನಗೂ ಸಹಿಸಲಾಗದ್ದು ಒಂದಿದೆ. ಒಂದೇ ಗಜ ಬೇಕಿರುವಾಗ ಶಾಟ್‌ಗನ್‌ನಲ್ಲಿ ಐದು ಗಜ ಹಿಂದೆ ನಿಂತು ಬಾಲ್ ತಗೊಳ್ಳುವುದು. ಸೆಂಟರ್ ಹಿಂದೆ ಒತ್ತಿ ನಿಂತು ಕ್ವಾರ್ಟರ್‌ಬ್ಯಾಕ್ ತಾನೇ ನುಗ್ಗಲಿ. ಇದರಲ್ಲಿ ನಾನು ಹಳೇ ಕಾಲದವನು, ಬದಲಾಗುವುದಿಲ್ಲ.

ಮೊದಲು ರನ್ ಮಾಡಿದರೆ ಮಾತ್ರ ಪಾಸ್ ತೆರೆದುಕೊಳ್ಳುತ್ತಂತೆ, ಹೌದಾ?

ಕಾಮೆಂಟರಿಯಲ್ಲಿ ಕೇಳಿ ಕೇಳಿ ಎಲ್ಲರ ಬಾಯಿಗೂ ಬಂದ ಮಾತು. ಮೇಲಿನ ಉತ್ತರ ಇನ್ನೊಮ್ಮೆ ಓದಿ. ಲೈನ್‌ಬ್ಯಾಕರ್ ಹೆಜ್ಜೆ ಹಾಕುವುದು ಎದುರಿಗೆ ಕಾಣುವ ಬ್ಲಾಕ್ ನೋಡಿ, ಮೊದಲ ಕ್ವಾರ್ಟರ್‌ನ ರನ್‌ಗಳನ್ನು ಲೆಕ್ಕ ಹಾಕಿ ಅಲ್ಲ.

ಪ್ಲೇ ತಿಳಿಸೋಕೆ ಸೈಡ್‌ಲೈನ್‌ನಲ್ಲಿ ತೋರಿಸುವ ಚಿತ್ರದ ಬೋರ್ಡ್, ಕೈಸನ್ನೆ ಎಲ್ಲ ಬಿಡಿಸಿ ಹೇಳುವ ವೀಡಿಯೊ ನೋಡಿದೆ. ಕಲಿಯಬಹುದಾ?

ಸುಮ್ನೆ ಟೈಮ್ ವೇಸ್ಟ್. ಮೂರು ಜನ ಕೈ ಆಡಿಸಿದರೆ ನಿಜವಾದ ಸನ್ನೆ ಒಬ್ಬರದೇ ಇರಬಹುದು, ಅದೂ ಬದಲಾಗುತ್ತಾ ಇರುತ್ತದೆ. 2024ರಿಂದ ದೊಡ್ಡ ಕಾಲೇಜುಗಳ ಎಫ್‌ಬಿಎಸ್ ಮಟ್ಟದಲ್ಲಿ ಒಬ್ಬ ಆಟಗಾರನ ಹೆಲ್ಮೆಟ್‌ಗೆ ಕೋಚ್ ಮಾತು ಕೇಳಿಸುವ ರೇಡಿಯೊ ಬಂದಿದೆ. ಪ್ಲೇ ಶುರು ಮಾಡಲು ಇರುವ ಗಡುವಿನ ಗಡಿಯಾರ, ಪ್ಲೇ ಕ್ಲಾಕ್‌ನಲ್ಲಿ 15 ಸೆಕೆಂಡ್ ಉಳಿದಾಗ ಅದು ಕಟ್ ಆಗುತ್ತದೆ. ಆಮೇಲಿನದು ಆ ಹುಡುಗನದೇ ತಲೆ. ಮುಂದಿನ ಎದುರಾಳಿಯ ಪಂದ್ಯಕ್ಕೆ ಜನ ಕಳಿಸಿ ಸನ್ನೆ ಚಿತ್ರೀಕರಿಸುವುದಂತೂ ನಿಯಮಬಾಹಿರ. 2023ರಲ್ಲಿ ಮಿಶಿಗನ್‌ನಲ್ಲಿ ಎದ್ದ ಗಲಾಟೆ ಅದೇ.

ಮುಂದಿನ ಪ್ಲೇ ಮೊದಲೇ ಹೇಳುವ ಟೆಲಿಗ್ರಾಂ ಗ್ರೂಪ್‌ಗೆ ತಿಂಗಳಿಗೆ ದುಡ್ಡು ಕಟ್ಟುತ್ತಿದ್ದೇನೆ. ನಂಬಬಹುದಾ?

ಇಲ್ಲ. ಇವತ್ತೇ ಬಿಡಿ. ರನ್ನೋ ಪಾಸೋ ಅಂತ ಬಹಳ ಸಲ ಕ್ವಾರ್ಟರ್‌ಬ್ಯಾಕ್‌ಗೇ ಸ್ನ್ಯಾಪ್‌ಗೆ ಮುಂಚೆ ಗೊತ್ತಿರುವುದಿಲ್ಲ. ಎಲ್ಲೋ ಕೂತ ಇವನಿಗೆ ಗೊತ್ತಾ? ಇವರು ಮೋಸಗಾರರು. ಇನ್ನೊಂದು ಎಚ್ಚರಿಕೆ: ಅಥ್ಲೆಟಿಕ್ ವಿಭಾಗದಲ್ಲಿ ವೀಡಿಯೊ, ಡೇಟಾ ಕೆಲಸ ಮಾಡುವ ನಮ್ಮ ವಿದ್ಯಾರ್ಥಿಗಳಿದ್ದಾರೆ. ಆ ಕೆಲಸದಲ್ಲಿರುವ ನೀವು ಕಾಲೇಜ್ ಆಟದ ಮೇಲೆ ಒಂದು ಡಾಲರ್ ಪಂತ ಕಟ್ಟಿದರೂ ಎನ್‌ಸಿಎಎ ನಿಯಮ ಮುರಿದಂತೆ. "ನಾಳೆ ಯಾರು ಆಡ್ತಾರೆ" ಅಂತ ರೂಮ್‌ಮೇಟ್ ಕೇಳಿದರೂ ಬಾಯಿ ಬಿಡಬೇಡಿ.

2007ರ ಫಿಯೆಸ್ಟಾ ಬೌಲ್ ಪಂದ್ಯದಲ್ಲಿ ಬಾಯ್ಸಿ ಸ್ಟೇಟ್ ಟೀಮ್ ಮಾಡಿದಂಥ, ಎದುರಾಳಿಯನ್ನು ಯಾಮಾರಿಸುವ ಟ್ರಿಕ್ ಪ್ಲೇ ಪ್ರತಿ ವಾರ ಯಾಕೆ ಮಾಡಲ್ಲ?

ಅಲ್ಲಿ ನಾಲ್ಕನೇ ಡೌನ್, ಬೇಕಿದ್ದದ್ದು 18 ಗಜ, ಬೇರೆ ದಾರಿ ಇರಲಿಲ್ಲ. ಪ್ರತಿ ವಾರ ಮಾಡಿದರೆ ಎದುರಾಳಿ ಫಿಲ್ಮ್ ನೋಡಿ ಕಾದು ಕೂತಿರುತ್ತಾನೆ.

ಮುಂದಿದ್ದಾಗ ಕೊನೆಯಲ್ಲಿ ಮಂಡಿಯೂರಿ ಟೈಮ್ ಕಳೆಯುವುದು ಹೇಡಿತನ ಅಲ್ವಾ?

ಅಲ್ಲ. ನನ್ನ ಪ್ರಕಾರ ಕೋಚ್ ಕೈಯಲ್ಲಿರುವ ಪ್ಲೇಗಳ ಪಟ್ಟಿ, ಇಡೀ ಕಾಲ್ ಶೀಟ್‌ನಲ್ಲಿ ಅದಕ್ಕಿಂತ ಒಳ್ಳೆ ಪ್ಲೇ ಇಲ್ಲ. 2023ರ ಅಕ್ಟೋಬರ್ 7ರಂದು ಜಾರ್ಜಿಯಾ ಟೆಕ್ ಎದುರು ಮಯಾಮಿ ಟೀಮ್ 20-17ರಿಂದ ಮುಂದಿತ್ತು. ಒಂದು ನಿಮಿಷವೂ ಉಳಿದಿರಲಿಲ್ಲ, ಜಾರ್ಜಿಯಾ ಟೆಕ್ ಬಳಿ ಟೈಮ್‌ಔಟ್ ಇರಲಿಲ್ಲ. ಮಂಡಿಯೂರಿದ್ದರೆ ಪಂದ್ಯ ಅಲ್ಲಿಗೇ ಮುಗಿಯುತ್ತಿತ್ತು. ರನ್ ಕರೆದರು. ಬಾಲ್ ಕೈಜಾರಿತು. ಜಾರ್ಜಿಯಾ ಟೆಕ್ ಕೊನೇ ಗಳಿಗೆಯಲ್ಲಿ 44 ಗಜದ ಪಾಸ್ ಹಿಡಿದು 23-20ರಿಂದ ಗೆದ್ದಿತು.