ಬೇಡ ಎನ್ನುವವರನ್ನು ಗೌರವಿಸುವುದು ಹೇಗೆ?

ಓದುಗರ ಪತ್ರ: "ನಮ್ಮ ಸಂಘವನ್ನು ಬಹುಕಾಲ ಮುನ್ನಡೆಸಿದ ಹಿರಿಯರೊಬ್ಬರು ಈಗ ಎಲ್ಲ ಹೊಣೆಗಳಿಂದ ನಿವೃತ್ತರಾಗಿದ್ದಾರೆ. ಓದು ಬರಹ ತಿಳಿಯದ ದೊಡ್ಡವರಿಗೆ ಸಂಜೆ ತರಗತಿ ನಡೆಸಿದರು, ವಾಚನಾಲಯ ತೆರೆಸಿದರು, ಅರ್ಜಿ ಹಿಡಿದು ಅಲೆಯುತ್ತಿದ್ದವರ ಜೊತೆ ತಾವೇ ಕಚೇರಿಗೆ ಹೋದರು. ಸನ್ಮಾನ ಎಂದರೆ ಮಾತ್ರ ಬೇಡವೇ ಬೇಡ ಎನ್ನುತ್ತಾರೆ. ಸಭಾಂಗಣಕ್ಕೆ ಅವರ ಹೆಸರಿಡೋಣ ಎಂದು ಕೆಲವರು, ನಿಧಿ ಅರ್ಪಿಸೋಣ ಎಂದು ಕೆಲವರು. ಯಾವುದು ಸರಿ?"

ಸಂಪಾದಕರ ಉತ್ತರ: ಗೌರವಿಸಿ, ಖಂಡಿತ ಗೌರವಿಸಿ. ಆದರೆ ಮೊದಲು ಅವರ ಎದುರು ಕುಳಿತು, ಬೇಡ ಎನ್ನುತ್ತಿರುವುದು ಯಾವುದನ್ನು ಎಂದು ಕೇಳಿ. ವೇದಿಕೆಯನ್ನೋ, ಭಾಷಣಗಳನ್ನೋ, ಕೈಯಲ್ಲಿ ಹಣವಿಲ್ಲದವರಿಂದಲೂ ಚಂದಾ ಎತ್ತುವುದನ್ನೋ? ಹಿರಿಯರ ನಿರಾಕರಣೆಯನ್ನು ಬರೀ ಸಂಕೋಚ ಎಂದುಕೊಂಡು ಒತ್ತಾಯಿಸಿ ಗೆಲ್ಲಲು ಹೋಗಬೇಡಿ. ಅದರೊಳಗೆ ಒಂದು ಕಾರಣ ಇದ್ದೇ ಇರುತ್ತದೆ.

ನಿಮ್ಮ ಪತ್ರ ಓದುವಾಗ ನನಗೆ ಕಪ್ಪು ಜನರ ನಾಗರಿಕ ಹಕ್ಕುಗಳಿಗಾಗಿ ದುಡಿದ ಶಿಕ್ಷಕಿ ಸೆಪ್ಟಿಮಾ ಕ್ಲಾರ್ಕ್ ನೆನಪಾದರು. ಅಮೆರಿಕದ ದಕ್ಷಿಣ ಕರೊಲಿನಾದಲ್ಲಿ ಆಗ ಮತದಾರರ ಪಟ್ಟಿಗೆ ಸೇರಬೇಕಾದರೆ ಸಂವಿಧಾನದ ಒಂದು ಭಾಗವನ್ನು ಓದಿ ತೋರಿಸಬೇಕಿತ್ತು. ಕಪ್ಪು ಜನರನ್ನು ಮತಗಟ್ಟೆಯಿಂದ ದೂರ ಇಡಲು ಆ ನಿಯಮ ಅನುಕೂಲವಾಗಿತ್ತು. ಕ್ಲಾರ್ಕ್ ಮತ್ತು ಸ್ಥಳೀಯ ಮುಖಂಡ ಈಸಾ ಜೆಂಕಿನ್ಸ್ 1957ರಲ್ಲಿ ಆ ರಾಜ್ಯದ ಜಾನ್ಸ್ ದ್ವೀಪದ ಒಂದು ಅಂಗಡಿಯ ಹಿಂಬದಿಯ ಕೋಣೆಯಲ್ಲಿ ದೊಡ್ಡವರ ತರಗತಿ ಆರಂಭಿಸಿದರು. ಕಲಿಸಲು ಒಪ್ಪಿಸಿದ್ದು ಬರ್ನಿಸ್ ರಾಬಿನ್ಸನ್ ಅವರನ್ನು. ಆಕೆ ಕೇಶಾಲಂಕಾರದ ಕೆಲಸ ಮಾಡುತ್ತಿದ್ದವರು, ಶಿಕ್ಷಕಿಯಾಗಿ ದುಡಿದವರಲ್ಲ. ಪಾಠ ಶುರುಮಾಡುವ ಮೊದಲು, ನಿಮಗೆ ಏನು ಕಲಿಯಬೇಕಿದೆ ಎಂದು ಆಕೆ ಬಂದವರನ್ನೇ ಕೇಳಿದರು. ಹೆಸರು ಬರೆಯುವುದು, ಮನಿ ಆರ್ಡರ್ ಫಾರಂ ತುಂಬುವುದು, ದೂರದಲ್ಲಿದ್ದ ಮಕ್ಕಳ ಕಾಗದ ಓದುವುದು: ಪಾಠ ಹುಟ್ಟಿದ್ದು ಈ ಉತ್ತರಗಳಿಂದ. ಪೌರತ್ವ ಶಾಲೆಗಳು ಎಂದು ಹೆಸರಾದ ಇಂಥ ತರಗತಿಗಳು ಮುಂದೆ ದಕ್ಷಿಣದ ರಾಜ್ಯಗಳಲ್ಲೆಲ್ಲ ಹಬ್ಬಿದವು.

ಕ್ಲಾರ್ಕ್ ಅವರಿಗೆ ಬಹುಮಾನಗಳು ಬಂದವು. 1979ರಲ್ಲಿ ಅಧ್ಯಕ್ಷ ಕಾರ್ಟರ್ ಅವರಿಂದಲೂ ಗೌರವ ಪಡೆದರು. ಆದರೆ ಅದಕ್ಕೂ ಮೊದಲು ನಡೆದ ಒಂದು ಸಂಗತಿ ನನ್ನ ಕಣ್ಣಿಗೆ ಇನ್ನೂ ದೊಡ್ಡದು. ನಾಗರಿಕ ಹಕ್ಕುಗಳ ಸಂಘಟನೆಯ ಸದಸ್ಯತ್ವ ಬಿಡಲು ಒಪ್ಪದ ಕಾರಣಕ್ಕೆ 1956ರಲ್ಲಿ ಅವರು ಶಿಕ್ಷಕಿಯ ಕೆಲಸವನ್ನೂ ಪಿಂಚಣಿಯನ್ನೂ ಕಳೆದುಕೊಂಡಿದ್ದರು. ಆ ಪಿಂಚಣಿಯನ್ನು 1976ರಲ್ಲಿ ರಾಜ್ಯ ಮರಳಿ ಕೊಟ್ಟಿತು. ಅವರ ಬದುಕಿನಲ್ಲಿ ಬಾಕಿ ಉಳಿದಿದ್ದ ಒಂದು ಅನ್ಯಾಯ ಅಷ್ಟರ ಮಟ್ಟಿಗಾದರೂ ಸರಿಹೋಯಿತು. ನಿಮ್ಮ ಹಿರಿಯರಿಗೂ ಬಾಕಿ ಇರುವುದೇನಾದರೂ ಇದೆಯೇ? ಸಂಘಕ್ಕಾಗಿ ಕೈಯಿಂದ ಹಾಕಿದ ಹಣ, ಯಾರೋ ತಮ್ಮದೆಂದು ಹೇಳಿಕೊಂಡ ಅವರ ಕೆಲಸ, ಚಿಕಿತ್ಸೆಯ ಖರ್ಚು? ಸದ್ದಿಲ್ಲದೆ ವಿಚಾರಿಸಿ, ಸಭೆಗೂ ಮುಂಚೆ ಅದನ್ನು ತೀರಿಸಿ.

ಹೆಸರಿಡುವ ವಿಷಯಕ್ಕೆ ಬರುತ್ತೇನೆ. ಇಡಬಹುದು, ಆದರೆ ಬಾಗಿಲು ತೆರೆದಿರುವ ಜಾಗಕ್ಕೆ ಇಡಿ. ದೊಡ್ಡವರಾದ ಮೇಲೆ ಅಕ್ಷರ ಕಲಿತವರಿಗೆ ಓದಲು ಏನೂ ಸಿಗದಿದ್ದರೆ ಕಲಿತದ್ದು ಮರೆತೇ ಹೋಗುತ್ತದೆ. ಸಾಕ್ಷರತಾ ಆಂದೋಲನಗಳಲ್ಲಿ ದುಡಿದವರೆಲ್ಲ ಇದನ್ನು ಬಲ್ಲರು. ಅದಕ್ಕೇ ಕಲಿಕೆಯ ನಂತರದ ಹಂತಕ್ಕೆ ಮುಂದುವರಿಕೆ ಶಿಕ್ಷಣ ಎಂಬ ಪ್ರತ್ಯೇಕ ವ್ಯವಸ್ಥೆ ಬಂತು. ದಪ್ಪ ಅಕ್ಷರದ ಸಣ್ಣ ಪುಸ್ತಕಗಳು, ದಿನಪತ್ರಿಕೆ, ವಾರಕ್ಕೊಮ್ಮೆ ಸೇರಿ ಗಟ್ಟಿಯಾಗಿ ಓದುವ ಗುಂಪು, ಫಾರಂ ತುಂಬಲು ಜೊತೆಗೊಬ್ಬರು ಇವೆಲ್ಲ ಬೇಕು. ನಿವೃತ್ತಿಯ ನಂತರ ನಿಮ್ಮ ವಾಚನಾಲಯದ ಬೀಗ ತೆಗೆಯುವವರು ಯಾರು? ನಿಧಿ ಕೂಡಿಸುವುದಾದರೆ ಆ ಕೆಲಸಕ್ಕೆ ಒಬ್ಬರನ್ನು ನೇಮಿಸಿ ಸಂಬಳ ಕೊಡಲು ಕೂಡಿಸಿ. ಹಿರಿಯರು ಪುಕ್ಕಟೆ ದುಡಿದರು ಎಂದು ಮುಂದಿನವರೂ ಹಾಗೇ ದುಡಿಯಲಿ ಎನ್ನುವುದು ನ್ಯಾಯವಲ್ಲ. ಅವರನ್ನೇ ಮತ್ತೆ "ಗೌರವ ಸಲಹೆಗಾರ"ರನ್ನಾಗಿ ಮಾಡಿ ಹೊರೆ ಹೊರಿಸುವುದೂ ಬೇಡ.

ಇನ್ನೊಂದು ಕೆಲಸ ತಡಮಾಡದೆ ಆಗಬೇಕು. ಅವರು ಗಳಿಸಿದ ತಿಳಿವಳಿಕೆಯನ್ನು ಬರೆದಿಡಿ. ಅವರಿಗೆ ಆಯಾಸವಾಗದಂತೆ ಹಲವು ದಿನ ಸ್ವಲ್ಪ ಸ್ವಲ್ಪವೇ ಮಾತನಾಡಿಸಿ, ಅನುಮತಿ ಪಡೆದು ಧ್ವನಿಮುದ್ರಿಸಿ. ನಾಚಿಕೆಯಿಂದ ಬಾಗಿಲಲ್ಲೇ ನಿಂತವರನ್ನು ಒಳಗೆ ಕರೆತಂದದ್ದು ಹೇಗೆ, ತಾಯಂದಿರು ಕಲಿಯುವಾಗ ಮಕ್ಕಳನ್ನು ನೋಡಿಕೊಂಡವರು ಯಾರು, ಅರ್ಧಕ್ಕೆ ಬಿಟ್ಟವರು ಮರಳಿದ್ದು ಯಾಕೆ, ಯಾವ ಪ್ರಯತ್ನ ಕೈಕೊಟ್ಟಿತು ಎಂದು ಕೇಳಿ. ಇವು ಸನ್ಮಾನ ಪತ್ರದಲ್ಲಿ ಬರುವುದಿಲ್ಲ. ನಾಳೆ ತರಗತಿ ನಡೆಸುವವರಿಗೆ ಬೇಕಾಗಿರುವುದು ಇವೇ.

ಸಭೆ ನಡೆದರೆ ಅದರ ಮಾತು ಕಲಿತವರದಾಗಲಿ, ಗಣ್ಯರ ಪಟ್ಟಿ ಚಿಕ್ಕದಿರಲಿ. ಇಲ್ಲೊಂದು ಎಚ್ಚರ ಬೇಕು. ಐವತ್ತರ ವಯಸ್ಸಿನಲ್ಲಿ ಅಕ್ಷರ ಕಲಿತೆ ಎಂಬುದು ಮಕ್ಕಳಿಗೆ, ಕೆಲಸ ಕೊಟ್ಟವರಿಗೆ ತಿಳಿಯಬಾರದು ಎಂದುಕೊಂಡವರು ಇರುತ್ತಾರೆ. ಅವರನ್ನು ಸಾಧನೆಯ ಪುರಾವೆಯಂತೆ ವೇದಿಕೆಗೆ ಹತ್ತಿಸಬೇಡಿ. ಒಬ್ಬೊಬ್ಬರನ್ನೇ ಕೇಳಿ, ಇಷ್ಟವಿದ್ದವರು ಮಾತಾಡಲಿ. ಉಳಿದವರು ಹಿರಿಯರಿಗೆ ಒಂದೊಂದು ಕಾಗದ ಬರೆಯಲಿ. ಬೇಡ ಎನ್ನುವ ನಿಮ್ಮ ಹಿರಿಯರು ಆ ಕಾಗದಗಳನ್ನು ಬೇಡ ಎನ್ನಲಾರರು ಎಂದು ನನ್ನ ನಂಬಿಕೆ.

ದಿನಾಂಕ ನಿಗದಿಯಾಗಿಲ್ಲವಾದರೆ ಸೆಪ್ಟೆಂಬರ್ 8 ಯೋಚಿಸಬಹುದು. 1967ರಿಂದ ಅಂತರರಾಷ್ಟ್ರೀಯ ಸಾಕ್ಷರತಾ ದಿನವಾಗಿ ಆಚರಣೆಯಲ್ಲಿರುವ ದಿನ ಅದು. ಬರೆದವರು ಮತ್ತು ಹಿರಿಯರು ಒಪ್ಪಿದರೆ ಆ ಕಾಗದಗಳಲ್ಲಿ ಕೆಲವನ್ನು ನಮಗೂ ಕಳಿಸಿ. ಹೆಸರು ಬೇಡವೆಂದವರ ಹೆಸರು ಬಿಟ್ಟು, ಅವರು ಬರೆದ ರೀತಿಯಲ್ಲೇ ಪ್ರಕಟಿಸುತ್ತೇವೆ.