ಅರ್ಧಕ್ಕೆ ನಿಂತ ಅಪ್‌ಡೇಟ್, ಅಲುಗಾಡದ ಮೌಸ್

ಪ್ರಶ್ನೆ: ನನ್ನ ಲ್ಯಾಪ್‌ಟಾಪ್‌ನಲ್ಲಿ ಲಿನಕ್ಸ್ ಇದೆ. ವೈರ್‌ಲೆಸ್ ಮೌಸ್ ಆಗಾಗ ತಡವರಿಸುತ್ತಿತ್ತು. ಯುಎಸ್‌ಬಿಗೆ ಚುಚ್ಚುವ ಅದರ ರಿಸೀವರ್‌ಗೆ ಫರ್ಮ್‌ವೇರ್ (ಸಾಧನದೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಬಂದಿದೆ ಎಂದು ಸಿಸ್ಟಂ ತೋರಿಸಿತು, ಒತ್ತಿದೆ. ನಡುವೆ ಲ್ಯಾಪ್‌ಟಾಪ್ ಸ್ಲೀಪ್‌ಗೆ ಹೋಯಿತು. ಈಗ ಮೌಸ್ ಅಲುಗಾಡುತ್ತಲೇ ಇಲ್ಲ. ರಿಸೀವರ್ ಕೆಟ್ಟೇ ಹೋಯಿತಾ? ಹೊಸದು ಕೊಳ್ಳಬೇಕಾ?

ಉತ್ತರ: ಈಗಲೇ ಕೊಳ್ಳಬೇಡಿ. ಇಂಥ ರಿಸೀವರ್ ಬಹಳಷ್ಟು ಸಲ ಉಳಿಯುತ್ತದೆ.

ಅದರೊಳಗೆ ಬೂಟ್‌ಲೋಡರ್ ಎಂಬ ಪುಟ್ಟ ಪ್ರೋಗ್ರಾಂ ಇರುತ್ತದೆ. ಅದರ ಕೆಲಸ ಒಂದೇ, ಹೊಸ ಫರ್ಮ್‌ವೇರ್ ಬರೆಸಿಕೊಳ್ಳುವುದು. ಅಪ್‌ಡೇಟ್ ಶುರುವಾದ ಕೂಡಲೇ ರಿಸೀವರ್ ಮೌಸ್‌ನ ಕೆಲಸ ಬಿಟ್ಟು ಬೂಟ್‌ಲೋಡರ್‌ಗೆ ಹೋಗುತ್ತದೆ. ಆಗ ಅದರ ಯುಎಸ್‌ಬಿ ಗುರುತಿನ ಸಂಖ್ಯೆಯೂ ಬದಲಾಗುತ್ತದೆ. ನಿಮ್ಮದು ಅಲ್ಲೇ ಸಿಕ್ಕಿಹಾಕಿಕೊಂಡಿರಬೇಕು. ಟರ್ಮಿನಲ್‌ನಲ್ಲಿ ಎಲ್‌ಎಸ್‌ಯುಎಸ್‌ಬಿ (lsusb) ಎಂದು ಕೊಟ್ಟು ನೋಡಿ, ಯುಎಸ್‌ಬಿ ಸಾಧನಗಳ ಪಟ್ಟಿ ಬರುತ್ತದೆ. ರಿಸೀವರ್ ಕಿತ್ತಾಗ ಒಂದು ಸಾಲು ಮಾಯವಾಗಿ, ಮತ್ತೆ ಚುಚ್ಚಿದಾಗ ಬಂದರೆ ಅದಕ್ಕೆ ಜೀವ ಇದೆ ಎಂದೇ ಅರ್ಥ.

ಈಗ ಚಾರ್ಜರ್ ಹಾಕಿ, ಸ್ಲೀಪ್ ಆಫ್ ಮಾಡಿ. ರಿಸೀವರನ್ನು ಹಬ್‌ಗೆ ಹಾಕದೆ ನೇರ ಲ್ಯಾಪ್‌ಟಾಪ್‌ಗೇ ಚುಚ್ಚಿ. ವರ್ಚುವಲ್ ಮೆಷಿನ್ (ಲ್ಯಾಪ್‌ಟಾಪ್ ಒಳಗೆ ಸಾಫ್ಟ್‌ವೇರ್‌ನಲ್ಲೇ ಓಡುವ ಇನ್ನೊಂದು ಕಂಪ್ಯೂಟರ್) ಒಳಗಿಂದ ಈ ಕೆಲಸ ಬೇಡ, ಗುರುತು ಬದಲಾದ ಕ್ಷಣ ರಿಸೀವರ್ ಅದರ ಕೈತಪ್ಪಬಹುದು. ಲಾಜಿಟೆಕ್ ಮೌಸ್, ಕೀಬೋರ್ಡ್ ನೋಡಿಕೊಳ್ಳುವ ಸೋಲಾರ್ (Solaar) ಆ್ಯಪ್ ತೆರೆದಿದ್ದರೆ ಮುಚ್ಚಿ. ಲಿನಕ್ಸ್‌ನಲ್ಲಿ ಫರ್ಮ್‌ವೇರ್ ನೋಡಿಕೊಳ್ಳುವುದು ಸಾಮಾನ್ಯವಾಗಿ ಎಫ್‌ಡಬ್ಲ್ಯುಯುಪಿಡಿ (fwupd) ಎಂಬ ಸೇವೆ. ಅದರ ಕಮಾಂಡ್ ಎಫ್‌ಡಬ್ಲ್ಯುಯುಪಿಡಿಎಂಜಿಆರ್ (fwupdmgr). ಮೊದಲು ಅದಕ್ಕೆ ರಿಫ್ರೆಶ್, ಆಮೇಲೆ ಗೆಟ್-ಡಿವೈಸಸ್ ಕೊಡಿ. ಪಟ್ಟಿಯಲ್ಲಿ ರಿಸೀವರ್ ಕಂಡರೆ ಅಪ್‌ಡೇಟ್ ಕೊಟ್ಟು, ಮುಗಿಯುವ ತನಕ ಸುಮ್ನೆ ಬಿಟ್ಟುಬಿಡಿ. ಟರ್ಮಿನಲ್ ಇಷ್ಟವಿಲ್ಲದಿದ್ದರೆ ಗ್ನೋಮ್ ಫರ್ಮ್‌ವೇರ್ ಆ್ಯಪ್‌ನಲ್ಲೂ ಇದೇ ಕೆಲಸ ಆಗುತ್ತದೆ. ಒಂದೇ ರಿಸೀವರ್‌ಗೆ ಕೀಬೋರ್ಡ್ ಕೂಡ ಜೋಡಿಸಿದ್ದರೆ ಅಷ್ಟು ಹೊತ್ತು ಅದೂ ಕೆಲಸ ಮಾಡುವುದಿಲ್ಲ. ಲ್ಯಾಪ್‌ಟಾಪ್‌ನ ಕೀಲಿಗಳನ್ನೇ ಬಳಸಿ.

ಮುಗಿದ ಮೇಲೆ ಕಿತ್ತು ಮತ್ತೆ ಚುಚ್ಚಿ. ಮೌಸ್ ಆಗಲೂ ಓಡದಿದ್ದರೆ ಜೋಡಣೆ ಅಳಿಸಿಹೋಗಿರಬಹುದು. ಲಾಜಿಟೆಕ್ ರಿಸೀವರ್ ಆದರೆ ಸೋಲಾರ್‌ನಲ್ಲಿ ಪೇರ್ ಒತ್ತಿ, ಮೌಸ್‌ನ ಸ್ವಿಚ್ ಆಫ್ ಮಾಡಿ ಆನ್ ಮಾಡಿ.

ಇನ್ನು ಮೊದಲಿನ ತಡವರಿಕೆ. ನನಗೆ ಜಾಸ್ತಿ ಹೇಳಬೇಕಿರುವುದು ಇದರ ಬಗ್ಗೆಯೇ. ಅದಕ್ಕೆ ಫರ್ಮ್‌ವೇರ್ ಕಾರಣ ಎಂದು ನನಗನ್ನಿಸುವುದಿಲ್ಲ. ರಿಸೀವರ್ ಅಪ್‌ಡೇಟ್‌ಗಳು ಹೆಸರಾಗಿದ್ದು ಭದ್ರತೆಯ ವಿಷಯಕ್ಕೆ. 2016ರಲ್ಲಿ ಬ್ಯಾಸ್ಟಿಲ್ ಸಂಸ್ಥೆಯವರು ಮೌಸ್‌ಜ್ಯಾಕ್ ಎಂಬ ದೋಷ ಬಯಲಿಗಿಟ್ಟರು. ಹಲವು ಕಂಪನಿಗಳ ರಿಸೀವರ್‌ಗಳಿಗೆ ಸುಮಾರು 100 ಮೀಟರ್ ದೂರದಿಂದಲೇ ಯಾರಾದರೂ ಕೀಲಿ ಒತ್ತಿದಂತೆ ಸಂಕೇತ ಕಳಿಸಬಹುದಿತ್ತು. ಹಾಗಾಗಿ ಅಪ್‌ಡೇಟ್ ಖಂಡಿತ ಮಾಡಿ. ಆದರೆ ತಡವರಿಕೆ ಅದರಿಂದ ಹೋಗುತ್ತದೆ ಎಂದು ನಂಬಿ ಕೂರಬೇಡಿ.

ಇಂಥ ಮೌಸ್‌ಗಳು ಮಾತಾಡುವುದು 2.4 ಗಿಗಾಹರ್ಟ್ಸ್‌ನಲ್ಲಿ. ಯುಎಸ್‌ಬಿ 3.0 ಸಾಧನಗಳು ಕೆಲಸ ಮಾಡುವಾಗ ಅದೇ ಜಾಗದಲ್ಲಿ ರೇಡಿಯೋ ಗದ್ದಲ ಎಬ್ಬಿಸುತ್ತವೆ. ಇಂಟೆಲ್ 2012ರಲ್ಲೇ ಇದನ್ನು ಅಳೆದು ಪ್ರಕಟಿಸಿತ್ತು. ರಿಸೀವರ್ ಪಕ್ಕದ ಪೋರ್ಟಿನಲ್ಲಿ ಹಾರ್ಡ್ ಡಿಸ್ಕ್ ಇದೆಯಾ? ಅದಕ್ಕೊಂದು ದೊಡ್ಡ ಫೈಲ್ ಕಾಪಿ ಮಾಡುತ್ತಾ ಮೌಸ್ ಆಡಿಸಿ ನೋಡಿ. ಆಗಲೇ ತಡವರಿಸಿದರೆ ಕಾರಣ ಸಿಕ್ಕಿತು, ಅಲ್ವಾ? ಒಂದು ಯುಎಸ್‌ಬಿ ಎಕ್ಸ್‌ಟೆನ್ಶನ್ ಕೇಬಲ್ ಹಾಕಿ ರಿಸೀವರನ್ನು ಮೌಸ್ ಹತ್ತಿರಕ್ಕೆ ತಂದುಬಿಡಿ.

ನಿಮ್ಮ ಮೌಸ್ ಸ್ವಲ್ಪ ಹೊತ್ತು ಮುಟ್ಟದೆ ಬಿಟ್ಟಾಗ ಮಾತ್ರ ನಿಧಾನವಾಗಿ ಏಳುತ್ತಿದ್ದರೆ ಕತೆ ಬೇರೆ. ಅದು ಕರೆಂಟ್ ಉಳಿಸಲು ಯುಎಸ್‌ಬಿಯನ್ನು ಮಲಗಿಸುವ ಆಟೋಸಸ್ಪೆಂಡ್ ಕೆಲಸ. ಕರೆಂಟ್ ಬಳಕೆ ನೋಡಿ ತಗ್ಗಿಸುವ ಪವರ್‌ಟಾಪ್ ಎಂಬ ಟೂಲ್‌ನಲ್ಲಿ ಆಟೋ-ಟ್ಯೂನ್ ಓಡಿಸಿದವರಿಗೆ ಇದು ಚೆನ್ನಾಗಿ ಗೊತ್ತು. ಪವರ್‌ಟಾಪ್ ತೆರೆದು, ಟ್ಯೂನೆಬಲ್ಸ್ ಪುಟದಲ್ಲಿ ರಿಸೀವರ್‌ನ ಸಾಲು ಹುಡುಕಿ ಎಂಟರ್ ಒತ್ತಿ, ಗುಡ್ ಇದ್ದದ್ದು ಬ್ಯಾಡ್ ಆಗಬೇಕು. ಆ ಹೆಸರು ನೋಡಿ ಹೆದರಬೇಡಿ, ಕರೆಂಟ್ ಉಳಿತಾಯದ ಲೆಕ್ಕದಲ್ಲಿ ಮಾತ್ರ ಅದು ಕೆಟ್ಟದ್ದು. ರೀಬೂಟ್ ಆದರೆ ಈ ಬದಲಾವಣೆ ಹೋಗುತ್ತದೆ. ಎರಡು ದಿನ ನೋಡಿ, ಮೌಸ್ ಸರಿ ಇದ್ದರೆ ಆ ರಿಸೀವರ್‌ಗಷ್ಟೇ ಒಂದು ಯುಡೆವ್ ನಿಯಮ (ಸಾಧನ ಚುಚ್ಚಿದಾಗಲೆಲ್ಲ ಲಿನಕ್ಸ್ ತಾನೇ ಪಾಲಿಸುವ ಸೆಟ್ಟಿಂಗ್) ಬರೆದಿಡಿ.