ಸಂಘದ ದುಡ್ಡು ಯಾರ ಜೇಬಿನಲ್ಲಿದೆ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಸಣ್ಣ ಸಂಘ, ಟ್ರಸ್ಟ್ ನಡೆಸುವವರವು. ವರ್ಷಕ್ಕೆ ಐದಾರು ಲಕ್ಷದಿಂದ ಮೂವತ್ತು ಲಕ್ಷದವರೆಗೆ ವಹಿವಾಟು, ಸಂಬಳಕ್ಕೆ ಇಬ್ಬರೋ ಮೂವರೋ, ಉಳಿದ ಹೊರೆಯೆಲ್ಲ ಕಾರ್ಯದರ್ಶಿಯ ತಲೆಯ ಮೇಲೆ. ಮೊದಲೇ ಒಂದು ಮಾತು: ಹೊಸ ಆದಾಯ ತೆರಿಗೆ ಕಾಯ್ದೆಯ ಜಾರಿ ದಿನ 2026ರ ಏಪ್ರಿಲ್ 1. ಅದರಲ್ಲಿ ಸೆಕ್ಷನ್ ನಂಬರುಗಳು ಬದಲಾಗಿವೆ. 2025-26ರವರೆಗಿನ ಲೆಕ್ಕಕ್ಕೆ 1961ರ ಕಾಯ್ದೆಯೇ ಅನ್ವಯ. ಕೆಳಗೆ ಎಲ್ಲರ ಬಾಯಲ್ಲಿರುವ ಆ ಹಳೆಯ ಹೆಸರುಗಳನ್ನೇ ಬಳಸಿದ್ದೇವೆ. ಮುಂದಿನ ವರ್ಷಗಳ ಫಾರಂ ನಂಬರ್, ಗಡುವುಗಳನ್ನು ಆದಾಯ ತೆರಿಗೆ ಪೋರ್ಟಲ್‌ನಲ್ಲಿ ನೋಡಿಕೊಳ್ಳಿ.

ನಮ್ಮದು ಮಕ್ಕಳ ಸಂಜೆ ಶಾಲೆ. ಬಾಡಿಗೆ, ತಿಂಡಿ, ಪುಸ್ತಕಕ್ಕೆಲ್ಲ ನಾನೇ ಕೈಯಿಂದ ಹಾಕಿ, ದೇಣಿಗೆ ಬಂದಾಗ ವಾಪಸ್ ತೆಗೆದುಕೊಳ್ಳುತ್ತೇನೆ. ಒಂದು ರೂಪಾಯಿಯೂ ಹೆಚ್ಚು ತೆಗೆದಿಲ್ಲ. ಆದರೂ ಆಡಿಟರ್ ತಕರಾರು ಮಾಡುತ್ತಾರೆ. ತಪ್ಪೇನಿದೆ?
– ಕಾರ್ಯದರ್ಶಿ, ಹಾವೇರಿ ಜಿಲ್ಲೆ

ನಿಮ್ಮ ಪ್ರಾಮಾಣಿಕತೆ ನಿಮಗೆ ಗೊತ್ತು, ಪಾಸ್‌ಬುಕ್ಕಿಗೆ ಗೊತ್ತಿಲ್ಲ. ಅಲ್ಲಿ ಕಾಣುವುದು ಇಷ್ಟೇ: ಸಂಘದ ಖಾತೆಯಿಂದ ಕಾರ್ಯದರ್ಶಿಯ ಖಾತೆಗೆ ಹತ್ತಾರು ಸಲ ದುಡ್ಡು ಹೋಗಿದೆ. ಪದಾಧಿಕಾರಿಗೋ ಅವರ ಮನೆಯವರಿಗೋ ಸಂಸ್ಥೆಯಿಂದ ಲಾಭವಾಗಿದೆ ಎಂದಾದರೆ ತೆರಿಗೆ ವಿನಾಯಿತಿಗೇ ಕುತ್ತು. ಆಡಿಟರ್ ಹೆದರುವುದು ಅದಕ್ಕೆ.

ದಾರಿ ಸುಲಭ. ₹5,000ದ ಒಂದು ಕೈಖರ್ಚಿನ ಪೆಟ್ಟಿಗೆ ಇಡಿ. ಅದು ಒಬ್ಬರ ಸುಪರ್ದಿಯಲ್ಲಿರಲಿ, ಕಾರ್ಯದರ್ಶಿ ಬಿಟ್ಟು ಬೇರೆ ಯಾರಾದರೂ ಆದರೆ ಇನ್ನೂ ಒಳ್ಳೆಯದು. ಯಾವತ್ತು ತೆರೆದರೂ ಒಳಗಿನ ನಗದು, ಖರ್ಚಿನ ವೋಚರುಗಳು ಎರಡೂ ಸೇರಿ ₹5,000 ಆಗಬೇಕು. ನಗದು ಸಾವಿರಕ್ಕೆ ಇಳಿದಾಗ ವೋಚರುಗಳನ್ನು ಖಜಾಂಚಿಗೆ ಕೊಟ್ಟು, ಅಷ್ಟೇ ಮೊತ್ತದ, ಅಂದರೆ ₹4,000ದ ಚೆಕ್ ಪಡೆಯಿರಿ. ಬರುವ ದೇಣಿಗೆಯನ್ನು ಈ ಪೆಟ್ಟಿಗೆಗೆ ಹಾಕಲೇಬಾರದು. ಅದು ನೇರ ಬ್ಯಾಂಕಿಗೆ ಹೋಗಬೇಕು.

ವೋಚರ್ ಹೀಗಿದ್ದರೆ ಸಾಕು: "ವೋಚರ್ 31, ಮೇ 12. ಸಂಜೆ ತಿಂಡಿಗೆ ಬಾಳೆಹಣ್ಣು 3 ಡಜನ್, ಡಜನ್‌ಗೆ ₹60, ಒಟ್ಟು ₹180. ಸಂತೆಯಲ್ಲಿ ಕೊಂಡದ್ದು, ಬಿಲ್ ಇಲ್ಲ." ಕೆಳಗೆ ಕೊಂಡವರ ಸಹಿ, ಪಕ್ಕದಲ್ಲಿ ಒಪ್ಪಿಗೆ ಕೊಟ್ಟವರ ಸಹಿ. ಎರಡೂ ಒಬ್ಬರದ್ದೇ ಆಗಬಾರದು. ತಿಂಗಳ ಕೊನೆಗೆ ಕೂತು ಒಂದೇ ಪೆನ್ನಿನಲ್ಲಿ ಮೂವತ್ತು ವೋಚರ್ ಬರೆಯುವ ರೂಢಿ ಎಲ್ಲ ಕಡೆ ಇದೆ. ಶಾಯಿ ನೋಡಿದರೇ ಅದು ಗೊತ್ತಾಗುತ್ತದೆ.

ನಿಜವಾಗಿಯೂ ನೀವೇ ದುಡ್ಡು ಹಾಕಬೇಕಾಗಿ ಬಂದರೆ ಮೊದಲು ಅದನ್ನು ಸಂಘದ ಖಾತೆಗೆ ಹಾಕಿ, ಆಮೇಲೆ ಅಲ್ಲಿಂದ ಖರ್ಚು ಮಾಡಿ. ಅದು ಬಡ್ಡಿಯಿಲ್ಲದ ಸಾಲವೋ ದೇಣಿಗೆಯೋ ಎಂಬುದು ಆ ದಿನವೇ ತೀರ್ಮಾನವಾಗಲಿ. ಸಾಲವಾದರೆ ಸಮಿತಿಯ ನಿರ್ಣಯ, ದೇಣಿಗೆಯಾದರೆ ನಿಮಗೂ ರಸೀದಿ. ಮಾರ್ಚ್‌ನಲ್ಲಿ ಕೂತು ನಿರ್ಧರಿಸೋಣ ಎಂದರೆ ಜಗಳ ಖಂಡಿತ.

ಇನ್ನೊಂದು. ಒಬ್ಬರಿಗೆ ಒಂದೇ ದಿನ ₹10,000ಕ್ಕಿಂತ ಹೆಚ್ಚು ನಗದು ಕೊಟ್ಟರೆ ಅದು ಸಂಸ್ಥೆಯ ಉದ್ದೇಶಕ್ಕೆ ಆದ ಖರ್ಚು ಎಂದು ಲೆಕ್ಕಕ್ಕೆ ಬರುವುದಿಲ್ಲ. ₹9,000ದ ಎರಡು ವೋಚರ್ ಮಾಡಿದರೆ ತಪ್ಪಿಸಿಕೊಳ್ಳಬಹುದು ಎಂದುಕೊಳ್ಳಬೇಡಿ, ದಿನ ಒಂದೇ ಆದರೆ ಎರಡನ್ನೂ ಕೂಡಿಸುತ್ತಾರೆ. ದೇಣಿಗೆಗೆ ನಿಮ್ಮ ಸ್ವಂತ ಮೊಬೈಲಿನ ಕ್ಯೂಆರ್ ತೋರಿಸುವುದನ್ನೂ ಇವತ್ತೇ ನಿಲ್ಲಿಸಿ. ಸಂಘದ ಖಾತೆಗೆ ಜೋಡಿಸಿದ ಕ್ಯೂಆರ್ ಕೊಡಿ ಎಂದು ಬ್ಯಾಂಕಿನಲ್ಲಿ ಅರ್ಜಿ ಹಾಕಿ.

ರಸೀದಿ ಕೊಟ್ಟರೂ ದಾನಿಗಳಿಗೆ 80ಜಿ ರಿಯಾಯಿತಿ (ದೇಣಿಗೆ ಕೊಟ್ಟವರಿಗೆ ಆದಾಯ ತೆರಿಗೆಯಲ್ಲಿ ಸಿಗುವ ರಿಯಾಯಿತಿ) ಸಿಕ್ಕಿಲ್ಲವಂತೆ. ಫೋನ್ ಮಾಡಿ ಬೈಯುತ್ತಿದ್ದಾರೆ. ಇನ್ನೊಂದು: ಅಮೆರಿಕದಲ್ಲಿರುವ ನಮ್ಮೂರಿನವರು ₹2 ಲಕ್ಷ ಕಳಿಸುತ್ತೇವೆ ಎನ್ನುತ್ತಾರೆ. ಪಡೆಯಬಹುದೇ?
– ಟ್ರಸ್ಟಿ, ಶಿವಮೊಗ್ಗ

ಬರೀ ರಸೀದಿಗೆ ಈಗ ಬೆಲೆಯಿಲ್ಲ. ವರ್ಷದ ದಾನಿಗಳ ಪಟ್ಟಿಯನ್ನು ಫಾರಂ 10ಬಿಡಿಯಲ್ಲಿ ಮೇ 31ರೊಳಗೆ ಪೋರ್ಟಲ್‌ಗೆ ಹಾಕಿ, ಅಲ್ಲಿಂದ ಹುಟ್ಟುವ 10ಬಿಇ ಪ್ರಮಾಣಪತ್ರವನ್ನು ದಾನಿಗೆ ಕೊಡಬೇಕು. ತಡವಾದರೆ ದಿನಕ್ಕೆ ₹200 ಶುಲ್ಕ. ಅದರ ಮೇಲೆ ₹10,000ದಿಂದ ₹1 ಲಕ್ಷದವರೆಗೆ ದಂಡ ಹಾಕಲೂ ಅವಕಾಶವಿದೆ. ನಿಮ್ಮ ದಾನಿಗಳ ಹೆಸರು ಪಟ್ಟಿಯಲ್ಲಿ ಬಿಟ್ಟುಹೋಗಿರಬಹುದು, ಇಲ್ಲವೇ ಪ್ಯಾನ್ ನಂಬರಿನ ಒಂದು ಅಕ್ಷರ ತಪ್ಪಿರಬಹುದು. ತಿದ್ದುಪಡಿ ಪಟ್ಟಿ ಹಾಕಬಹುದು, ಹಾಕಿಬಿಡಿ.

ತಪ್ಪಿನ ಬೇರು ಮೇ ತಿಂಗಳಲ್ಲಿಲ್ಲ, ದುಡ್ಡು ಪಡೆದ ದಿನದಲ್ಲಿದೆ. ರಸೀದಿ ಪುಸ್ತಕದಲ್ಲೇ ಪ್ಯಾನ್, ವಿಳಾಸ, ಪಾವತಿಯ ಬಗೆ ಇವಕ್ಕೆ ಜಾಗ ಅಚ್ಚು ಹಾಕಿಸಿ. ಹೆಂಡತಿಯ ಖಾತೆಯಿಂದ ದುಡ್ಡು ಬಂದು, ಗಂಡನ ಹೆಸರಿಗೆ ರಸೀದಿ ಕೇಳಿದರೆ ಕೊಡಬೇಡಿ. ಯಾರ ಖಾತೆಯೋ ಅವರ ಪ್ಯಾನ್. ₹2,000ಕ್ಕಿಂತ ಹೆಚ್ಚಿನ ನಗದಿಗೆ ರಿಯಾಯಿತಿಯಿಲ್ಲ. ಅಕ್ಕಿ, ಬೆಂಚು, ಹಳೆಯ ಕಂಪ್ಯೂಟರ್ ಕೊಟ್ಟರೂ ಇಲ್ಲ. ಇದನ್ನು ದಾನಿಗೆ ಮೊದಲೇ ಹೇಳುವುದು ಮರ್ಯಾದೆ. ಕಾರ್ಯಕ್ರಮದಲ್ಲಿ ಹುಂಡಿ ಇಡುವವರು ಇದನ್ನೂ ಗಮನಿಸಿ: ಹೆಸರಿಲ್ಲದ ದೇಣಿಗೆ ₹1 ಲಕ್ಷ ಅಥವಾ ಒಟ್ಟು ದೇಣಿಗೆಯ ಶೇ. 5, ಇವೆರಡರಲ್ಲಿ ಯಾವುದು ಹೆಚ್ಚೋ ಅದನ್ನು ದಾಟಿದರೆ ದಾಟಿದ ಭಾಗಕ್ಕೆ ಶೇ. 30 ತೆರಿಗೆ.

ಅಮೆರಿಕದವರ ವಿಷಯಕ್ಕೆ ಬಂದರೆ, ಅವರು ಎಲ್ಲಿದ್ದಾರೆ ಎನ್ನುವುದಕ್ಕಿಂತ ಯಾವ ಪಾಸ್‌ಪೋರ್ಟ್ ಎನ್ನುವುದು ಮುಖ್ಯ. ಭಾರತದ ಪಾಸ್‌ಪೋರ್ಟ್ ಇದ್ದು, ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಪಾಸ್‌ಪೋರ್ಟ್ ಪ್ರತಿ, "ಇದು ನನ್ನ ಉಳಿತಾಯ" ಎಂಬ ಪತ್ರ, ಎರಡನ್ನೂ ಕಡತದಲ್ಲಿಡಿ. ಅಮೆರಿಕದ ಪೌರತ್ವ ಪಡೆದಿದ್ದರೆ, ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಇದ್ದರೂ, ಅವರು ವಿದೇಶಿಯರೇ. ಊರಿಗೆ ಬಂದಾಗ ರೂಪಾಯಿಯಲ್ಲೇ ಕೊಟ್ಟರೂ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿಯೋ ಪೂರ್ವಾನುಮತಿಯೋ ಇಲ್ಲದೆ ಮುಟ್ಟುವಂತಿಲ್ಲ. ನೋಂದಣಿಗೆ ಸಂಸ್ಥೆಗೆ ಮೂರು ವರ್ಷ ತುಂಬಿರಬೇಕು, ಆ ಮೂರು ವರ್ಷದಲ್ಲಿ ಕೆಲಸಕ್ಕೆ ಕನಿಷ್ಠ ₹15 ಲಕ್ಷ ಖರ್ಚಾಗಿರಬೇಕು. "ನೋಂದಣಿ ಇರುವ ಇನ್ನೊಂದು ಸಂಸ್ಥೆಗೆ ಹಾಕಿಸಿ ಅಲ್ಲಿಂದ ಪಡೆಯೋಣ" ಎನ್ನುವ ದಾರಿಯನ್ನು 2020ರ ತಿದ್ದುಪಡಿ ಮುಚ್ಚಿದೆ.

ಸಮಿತಿಯಲ್ಲಿ ಒಂಬತ್ತು ಜನ, ಸಭೆಗೆ ಬರುವವರು ಮೂವರು. ಖಜಾಂಚಿ ತೀರಿಕೊಂಡು ನಾಲ್ಕು ತಿಂಗಳಾಯಿತು. ಖಾತೆಯಲ್ಲಿ ದುಡ್ಡಿದ್ದರೂ ಸಂಬಳ ಕೊಡಲಾಗುತ್ತಿಲ್ಲ. ಬ್ಯಾಂಕ್ ಒಂದೊಂದು ಸಲ ಒಂದೊಂದು ಕಾಗದ ಕೇಳುತ್ತದೆ.
– ಮಹಿಳಾ ಸಂಘವೊಂದರ ಅಧ್ಯಕ್ಷೆ, ತುಮಕೂರು ಜಿಲ್ಲೆ

ಬ್ಯಾಂಕಿಗೆ ಸಾಮಾನ್ಯವಾಗಿ ಬೇಕಾಗುವುದು ನಾಲ್ಕು: ಮರಣ ಪ್ರಮಾಣಪತ್ರ, ಹೊಸಬರನ್ನು ಆರಿಸಿದ ನಿರ್ಣಯದ ದೃಢೀಕೃತ ಪ್ರತಿ, ನೋಂದಣಾಧಿಕಾರಿಯ ಮೊಹರಿರುವ ಇತ್ತೀಚಿನ ಪದಾಧಿಕಾರಿಗಳ ಪಟ್ಟಿ, ಹೊಸಬರ ಆಧಾರ್ ಮತ್ತು ಪ್ಯಾನ್. ಬಹಳಷ್ಟು ಸಂಘಗಳು ಎಡವುವುದು ಮೂರನೆಯದರಲ್ಲಿ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಂತೆ ಪ್ರತಿ ವರ್ಷ ಸರ್ವಸದಸ್ಯರ ಸಭೆ ಮುಗಿದ 14 ದಿನದೊಳಗೆ ಸಮಿತಿಯ ಪಟ್ಟಿ, ಆಡಿಟ್ ಆದ ಲೆಕ್ಕ ಸಲ್ಲಿಸಬೇಕು. ನಾಲ್ಕೈದು ವರ್ಷ ಸಲ್ಲಿಸದಿದ್ದರೆ ಹಳೆಯ ಬಾಕಿಯೆಲ್ಲ ಚುಕ್ತಾ ಆಗುವವರೆಗೆ ಹೊಸ ಪಟ್ಟಿಗೆ ಮೊಹರು ಬೀಳುವುದು ಕಷ್ಟ. ಹಾಗಾಗಿ ಬ್ಯಾಂಕಿಗೆ ಅಲೆಯುವುದನ್ನು ಸದ್ಯಕ್ಕೆ ಬಿಟ್ಟು, ಮೊದಲು ಜಿಲ್ಲಾ ನೋಂದಣಾಧಿಕಾರಿ ಕಚೇರಿಯಲ್ಲಿ ಯಾವ ವರ್ಷದ್ದು ಬಾಕಿ ಇದೆ ಎಂದು ಬರೆಸಿಕೊಂಡು ಬನ್ನಿ.

ನಿರ್ಣಯ ಬರೆಯುವ ರೀತಿಯೂ ಮುಖ್ಯ. "ಬ್ಯಾಂಕಿನ ವಿಷಯ ಚರ್ಚಿಸಲಾಯಿತು" ಎಂದರೆ ಏನೂ ಬರೆದಂತಾಗಲಿಲ್ಲ. ಯಾವ ಬ್ಯಾಂಕ್, ಯಾವ ಶಾಖೆ, ಯಾವ ಖಾತೆ, ಯಾರ ಹೆಸರು ತೆಗೆದು ಯಾರದ್ದು ಸೇರಿಸುವುದು, ಸೂಚಿಸಿದವರು, ಅನುಮೋದಿಸಿದವರು ಎಲ್ಲವೂ ಇರಲಿ. ಪುಟಸಂಖ್ಯೆ ಇರುವ ಪುಸ್ತಕದಲ್ಲಿ ಬರೆಯಿರಿ, ಹಾಳೆ ಅಂಟಿಸಬೇಡಿ. ವಾಟ್ಸಾಪಿನಲ್ಲಿ ಒಂಬತ್ತು ಹೆಬ್ಬೆರಳು ಬಂದರೂ ಅದು ನಿರ್ಣಯವಲ್ಲ.

ಇದೇ ಸಲದಲ್ಲಿ ಸಹಿದಾರರನ್ನು ಮೂವರು ಮಾಡಿ, "ಯಾರಾದರೂ ಇಬ್ಬರು" ಎಂದು ಬರೆಸಿ. ಇಬ್ಬರೇ ಇದ್ದು ಇಬ್ಬರ ಸಹಿಯೂ ಬೇಕೆಂದಿದ್ದರೆ ಒಬ್ಬರು ಆಸ್ಪತ್ರೆ ಸೇರಿದರೂ ಖಾತೆ ಬಂದ್. ಸಹಿಯಷ್ಟೇ ತೊಂದರೆ ಕೊಡುವುದು ಓಟಿಪಿ. ತೆರಿಗೆ ಪೋರ್ಟಲ್, ಬ್ಯಾಂಕ್, ಸ್ವಯಂಸೇವಾ ಸಂಸ್ಥೆಗಳು ಹೆಸರು ನೋಂದಾಯಿಸುವ ಸರ್ಕಾರದ ದರ್ಪಣ್ ಪೋರ್ಟಲ್ ಇವಕ್ಕೆಲ್ಲ ಕೊಟ್ಟ ಮೊಬೈಲ್ ಯಾವಾಗಲೋ ಬಿಟ್ಟುಹೋದವರದ್ದಾಗಿರುತ್ತದೆ. ಸಂಸ್ಥೆಯದ್ದೇ ಒಂದು ಸಿಮ್, ಒಂದು ಇಮೇಲ್ ಮಾಡಿ, ಸಾಧ್ಯವಿರುವ ಕಡೆಯೆಲ್ಲ ಅದನ್ನೇ ಕೊಡಿ. ಆ ಸಿಮ್ ಹಾಕಿದ ಸಾದಾ ಫೋನ್ ಕಚೇರಿಯಲ್ಲಿರಲಿ, ರೀಚಾರ್ಜ್ ತಪ್ಪಿಸಬೇಡಿ.

ಬರದವರನ್ನು ಬರಿಸುವುದು ಹೇಗೆ? ಸಭೆಯನ್ನು "ಅನುಕೂಲ ನೋಡಿ" ಕರೆಯಬೇಡಿ. ಮೂರು ತಿಂಗಳಿಗೊಮ್ಮೆ, ಎರಡನೇ ಭಾನುವಾರ, ಬೆಳಿಗ್ಗೆ 10 ಗಂಟೆ ಎಂದು ವರ್ಷದ ನಾಲ್ಕೂ ದಿನಗಳನ್ನು ಮೊದಲೇ ಗೊತ್ತುಮಾಡಿ. ವಾರ ಮೊದಲು ಒಂದೇ ಪುಟದ ಜಮಾ-ಖರ್ಚು ಕಳಿಸಿ. ಆಮೇಲೂ ಸತತ ಮೂರು ಸಭೆಗೆ ಬರದವರನ್ನು ಬೈಲಾ ಪ್ರಕಾರ ಬದಲಿಸಿ. ಊರಿನ ದೊಡ್ಡವರು ಎಂದು ಹೆಸರಿಗೆ ಇಟ್ಟುಕೊಂಡರೆ ಕೋರಂ (ಸಭೆಗೆ ಬೇಕಾದ ಕನಿಷ್ಠ ಹಾಜರಾತಿ) ಕೆಡುತ್ತದೆ. ಅಂಥವರಿಗೆ ಗೌರವ ಸಲಹೆಗಾರರ ಜಾಗ ಕೊಟ್ಟರೆ ಯಾರಿಗೂ ಬೇಸರವಿಲ್ಲ.

ಕಂಪನಿಯೊಂದು ಹೊಲಿಗೆ ತರಬೇತಿಗೆ ಸಿಎಸ್‌ಆರ್ (ಕಂಪನಿಯ ಸಾಮಾಜಿಕ ಹೊಣೆಗಾರಿಕೆ) ಹಣ ಕೊಡುತ್ತದೆ. ಆದರೆ ಆಡಳಿತ ಖರ್ಚು ಶೇ. 5ಕ್ಕಿಂತ ಹೆಚ್ಚು ಹಾಕುವಂತಿಲ್ಲ, ಅದು ಕಾನೂನು ಎನ್ನುತ್ತಾರೆ. ಯೋಜನೆ ಹೆಚ್ಚಿದಂತೆ ನಮಗೆ ನಷ್ಟವೇ ಹೆಚ್ಚುತ್ತಿದೆ.
– ಸಂಯೋಜಕರು, ಕಲಬುರಗಿ

ಆ ಶೇ. 5ರ ಮಿತಿ ಕಂಪನಿಯು ತನ್ನ ಸಿಎಸ್‌ಆರ್ ವಿಭಾಗ ನಡೆಸಲು ಮಾಡುವ ಖರ್ಚಿಗೆ, ಕೆಲಸ ಮಾಡುವ ಸಂಸ್ಥೆಯ ಖರ್ಚಿಗಲ್ಲ. ಕಂಪನಿ ವ್ಯವಹಾರಗಳ ಸಚಿವಾಲಯ 2021ರಲ್ಲಿ ಇದನ್ನು ಸ್ಪಷ್ಟಪಡಿಸಿದೆ. ಆ ಸುತ್ತೋಲೆಯನ್ನು ವಿನಯದಿಂದಲೇ ಕಳಿಸಿ. ಆದರೂ ಒಪ್ಪದಿರಬಹುದು, ದುಡ್ಡು ಅವರದ್ದು. ಅದಕ್ಕೇ ಮೊದಲು ನಿಮ್ಮ ಲೆಕ್ಕ ಗಟ್ಟಿಯಾಗಬೇಕು.

ಯಾವ ಯೋಜನೆಗೂ ನೇರ ಸೇರದ ವರ್ಷದ ಖರ್ಚು ಕೂಡಿಸಿ. ಉದಾಹರಣೆಗೆ ಕಚೇರಿ ಬಾಡಿಗೆ ತಿಂಗಳಿಗೆ ₹8,000ದಂತೆ ₹96,000, ಅರೆಕಾಲಿಕ ಲೆಕ್ಕಿಗರಿಗೆ ₹60,000, ಆಡಿಟ್ ₹15,000, ಕರೆಂಟು-ಇಂಟರ್ನೆಟ್ ₹9,000. ಒಟ್ಟು ₹1,80,000. ಎಲ್ಲ ಯೋಜನೆಗಳ ನೇರ ಖರ್ಚು ₹12 ಲಕ್ಷ ಎನ್ನಿ. ಅಂದರೆ ಪ್ರತಿ ನೂರು ರೂಪಾಯಿಯ ಕೆಲಸದ ಬೆನ್ನಿಗೆ ₹15 ಕಚೇರಿ ಖರ್ಚಿದೆ. ಹೊಲಿಗೆ ಯೋಜನೆಯ ನೇರ ಖರ್ಚು ₹6 ಲಕ್ಷವಾದರೆ ಅದರ ನಿಜವಾದ ಬೆಲೆ ₹6,90,000. ಕಂಪನಿ ಶೇ. 5 ಮಾತ್ರ ಕೊಟ್ಟರೆ ಸಿಗುವುದು ₹30,000, ಉಳಿದ ₹60,000 ನಿಮ್ಮ ಬೇರೆ ದೇಣಿಗೆಯಿಂದ ಹೋಗುತ್ತದೆ. ನಷ್ಟ ಎಲ್ಲಿಂದ ಬರುತ್ತಿದೆ ಎಂಬುದು ಇಷ್ಟೇ.

ಬಜೆಟ್‌ನಲ್ಲಿ "ಆಡಳಿತ" ಎಂಬ ಒಂದೇ ಸಾಲು ಬರೆದರೆ ಅದಕ್ಕೇ ಕತ್ತರಿ. ಬದಲಿಗೆ ಕೆಲಸಕ್ಕೆ ನಿಜವಾಗಿ ಸೇರಿದ್ದನ್ನು ಅಲ್ಲೇ ತೋರಿಸಿ: ತರಬೇತಿ ಕೋಣೆಯ ಬಾಡಿಗೆಯ ಪಾಲು, ಸಂಯೋಜಕರ ವಾರದ ಎರಡು ದಿನ, ಯಂತ್ರದ ರಿಪೇರಿ, ಸೂಜಿ, ಎಣ್ಣೆ, ಬೆಲ್ಟು. ಇದು ಮುಚ್ಚುಮರೆಯಲ್ಲ. ಸಂಯೋಜಕರು ಎರಡು ದಿನ ಅಲ್ಲೇ ದುಡಿದದ್ದಕ್ಕೆ ಹಾಜರಿ ಪುಸ್ತಕ ಇದ್ದರೆ ಯಾವ ಆಡಿಟರೂ ಒಪ್ಪುತ್ತಾರೆ. ಕೊನೆಯ ಕಂತನ್ನು ವರದಿ ಬಂದ ಮೇಲೆ ಕೊಡುವುದು ವಾಡಿಕೆ. ಅದು ಶೇ. 10ಕ್ಕಿಂತ ಹೆಚ್ಚಿದ್ದರೆ ಚೌಕಾಸಿ ಮಾಡಿ, ಇಲ್ಲದಿದ್ದರೆ ಆ ತಿಂಗಳುಗಳ ಸಂಬಳಕ್ಕೆ ನೀವೇ ಸಾಲ ಹುಡುಕಬೇಕಾಗುತ್ತದೆ.

ದಾನದ ದುಡ್ಡನ್ನು ಉಳಿಸಿಡುವಂತಿಲ್ಲ, ಮಾರ್ಚ್ 31ರೊಳಗೆ ಎಲ್ಲ ಖರ್ಚು ಮಾಡಬೇಕು ಎನ್ನುತ್ತಾರೆ. ಹೌದೇ?
– ಗ್ರಂಥಾಲಯ ನಡೆಸುವವರು, ಉಡುಪಿ ಜಿಲ್ಲೆ

ಇಲ್ಲ. ಆದಾಯದ ಶೇ. 85 ಖರ್ಚಾದರೆ ಸಾಕು. ₹10 ಲಕ್ಷ ಬಂದರೆ ₹1.5 ಲಕ್ಷವನ್ನು ಯಾರಿಗೂ ಕಾರಣ ಹೇಳದೆ ಉಳಿಸಬಹುದು. ಹೀಗೆ ಎರಡು ಮೂರು ವರ್ಷದಲ್ಲಿ ಮೂರು ತಿಂಗಳ ಸಂಬಳ-ಬಾಡಿಗೆಯಷ್ಟು ಠೇವಣಿ ಕಟ್ಟಿಕೊಳ್ಳಿ. ಆದರೆ ಯೋಜನೆಗೆಂದೇ ಕೊಟ್ಟ ಹಣವನ್ನು ಇದಕ್ಕೆ ಎಳೆಯಬೇಡಿ. ಅದರಲ್ಲಿ ಮಿಕ್ಕದ್ದು ಕೊಟ್ಟವರ ಒಪ್ಪಿಗೆಯಿಲ್ಲದೆ ನಿಮ್ಮದಲ್ಲ.

ಇನ್ನೂ ಹೆಚ್ಚು ಉಳಿಸಬೇಕಾದರೆ ಫಾರಂ 10 ಸಲ್ಲಿಸಿ ಐದು ವರ್ಷದವರೆಗೆ ಕೂಡಿಡಬಹುದು. ಗಡುವು ಆಗಸ್ಟ್ 31. ಉದ್ದೇಶ ನಿರ್ದಿಷ್ಟವಾಗಿರಲಿ, "ಸಂಸ್ಥೆಯ ಧ್ಯೇಯಗಳಿಗಾಗಿ" ಎಂದು ಬರೆದರೆ ತಿರಸ್ಕಾರವಾಗಬಹುದು. "ಗ್ರಂಥಾಲಯದ ಎರಡನೇ ಕೋಣೆ ಕಟ್ಟಲು" ಎಂದರೆ ಸರಿ. ಹಣ ಬ್ಯಾಂಕ್ ಠೇವಣಿಯಂಥ, ಕಾಯ್ದೆ ಒಪ್ಪಿದ ಕಡೆಯೇ ಇರಬೇಕು. ಸದಸ್ಯರ ಚೀಟಿ ವ್ಯವಹಾರಕ್ಕೆ ಹಾಕಿದರೆ ಕೆಟ್ಟಿತು.

12ಎ (ಸಂಸ್ಥೆಯ ಆದಾಯಕ್ಕೆ ತೆರಿಗೆ ವಿನಾಯಿತಿ ಕೊಡಿಸುವ ನೋಂದಣಿ) ನವೀಕರಣ ಹತ್ತು ವರ್ಷಕ್ಕೆ ಸಿಕ್ಕಿದೆ. ಇನ್ನು ನಿಶ್ಚಿಂತೆಯೇ?
– ಓದುಗರು, ಮೈಸೂರು

ಅರ್ಧ ನಿಶ್ಚಿಂತೆ. ವರ್ಷದ ಆದಾಯ ₹5 ಕೋಟಿ ದಾಟದ ಸಂಸ್ಥೆಗಳಿಗೆ 2025ರಿಂದ 12ಎ ಅವಧಿ ಹತ್ತು ವರ್ಷವಾಗಿದೆ. 80ಜಿ ಅವಧಿ ಐದೇ ವರ್ಷ. ಮೊದಲು ಎರಡಕ್ಕೂ ಒಟ್ಟಿಗೇ ಅರ್ಜಿ ಹಾಕುತ್ತಿದ್ದುದರಿಂದ ಒಂದು ನೆನಪಾದರೆ ಇನ್ನೊಂದೂ ನೆನಪಾಗುತ್ತಿತ್ತು. ಈಗ ದಿನಾಂಕಗಳು ಬೇರೆಯಾದವು. ಅವಧಿ ಮುಗಿಯುವ ಆರು ತಿಂಗಳು ಮೊದಲೇ ಅರ್ಜಿ ಹೋಗಬೇಕು. ಪ್ರಮಾಣಪತ್ರದ ಮೇಲಿನ ಕೊನೆಯ ದಿನದಿಂದ ಆರು ತಿಂಗಳು ಹಿಂದಕ್ಕೆ ಎಣಿಸಿ, ಆ ದಿನಾಂಕವನ್ನು ನಿರ್ಣಯ ಪುಸ್ತಕದ ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ ಬರೆದಿಡಿ.